ಎಡಗೈ ಕ್ಯಾಶಿಯರ್‌ಗೆ ಹತ್ತು ದಿನದ ತಯಾರಿ

2023ರ ಫೆಬ್ರವರಿ. ಆಗ ನಾನು ಹಾವೇರಿಯ ಒಂದು ಕೌಶಲ್ಯ ತರಬೇತಿ ಕೇಂದ್ರದಲ್ಲಿ ರಿಟೇಲ್ ಕ್ಯಾಶಿಯರ್ ಕೋರ್ಸಿನ ತರಬೇತುದಾರನಾಗಿದ್ದೆ. ಅದಕ್ಕೂ ಮೊದಲು ಹುಬ್ಬಳ್ಳಿಯ ದೊಡ್ಡ ಅಂಗಡಿಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು, ಹೆಡ್ ಕ್ಯಾಶಿಯರ್ ಆಗಿ ನಿವೃತ್ತನಾಗಿದ್ದೆ. ಮನೆಯಲ್ಲಿ ಸುಮ್ಮನೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ನಿವೃತ್ತಿಯಾಗಿ ಎರಡು ತಿಂಗಳಿಗೇ ನನ್ನ ಹೆಂಡತಿ, 'ನೀವು ಹಿಂಗ ಪಡಸಾಲ್ಯಾಗ ತಿರಗ್ಯಾಡಿದ್ರ ನೆಲದ ಕಲ್ಲು ಸವದು ಹೋಗ್ತಾವ, ಎಲ್ಲ್ಯರ ಕೆಲಸಾ ನೋಡ್ರಿ' ಎಂದು ಹೊರಗೆ ಅಟ್ಟಿದ್ದಳು. ಹಾಗೆ ಸಿಕ್ಕಿದ ಕೆಲಸ ಅದು.

ನನ್ನ ಬ್ಯಾಚಿನಲ್ಲಿ ಹದಿನೆಂಟು ಜನ. ಅವರಲ್ಲಿ ರೇಣುಕಾ ಒಬ್ಬಳು. ಮೋಟೆಬೆನ್ನೂರಿನವಳು, ಗಂಡ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ, ನಾಲ್ಕನೆಯ ಇಯತ್ತೆ ಓದುವ ಒಬ್ಬ ಮಗಳು. ಕೋರ್ಸಿಗೆ ಸೇರುವ ಮುಂಚೆ ಏಳು ವರ್ಷ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡಿದ್ದಳು. ಆ ಘಾಟು ಹೊರಗಿನಿಂದ ಬಂದವರಿಗೆ ಒಂದು ಗಳಿಗೆಯ ಸೀನು. ಅದರಲ್ಲೇ ದಿನವಿಡೀ ಕೂರುವವರ ಎದೆಯೊಳಗೆ ಅದು ಮನೆ ಮಾಡುತ್ತದೆ. ಅವಳಿಗೆ ಉಬ್ಬಸ ಹತ್ತಿಕೊಂಡಿತ್ತು. ಇನ್ನೊಂದು ಸೀಸನ್ ಆ ಧೂಳಿನಲ್ಲಿ ಕೂತರೆ ತಾನು ಜವಾಬ್ದಾರನಲ್ಲ ಎಂದು ಡಾಕ್ಟರು ಸಾಫ್ ಹೇಳಿಬಿಟ್ಟಿದ್ದರು. ಅದಕ್ಕೇ ಈ ಕೋರ್ಸು.

ಆಗ ರಾಣೆಬೆನ್ನೂರಿನ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಎರಡು ಕ್ಯಾಶಿಯರ್ ಹುದ್ದೆ ಖಾಲಿಯಾದವು. ಈ ಕಡೆಯ ದೊಡ್ಡ ಅಂಗಡಿಗಳೆಲ್ಲ ಇಡುವ ಷರತ್ತೇ ಇಲ್ಲೂ ಬಿಗಿಯಾಗಿತ್ತು: ವಯಸ್ಸು ಮೂವತ್ತು ತುಂಬಿರಬಾರದು. ರೇಣುಕಾಗೆ ಮುಂದಿನ ತಿಂಗಳೇ ಮೂವತ್ತು ತುಂಬುತ್ತಿತ್ತು. ಅಂದರೆ ಇದೊಂದು ಸಂದರ್ಶನ ಕೈ ತಪ್ಪಿದರೆ ಅವಳಿಗೆ ಉಳಿಯುವುದು ಮತ್ತೆ ಮೆಣಸಿನಕಾಯಿ ರಾಶಿಯೇ. ಇದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಸಂದರ್ಶನಕ್ಕೆ ಸರಿಯಾಗಿ ಹತ್ತು ದಿನ ಇತ್ತು.

ಪಾಠದ ಭಾಗ ಮುಗಿದಿತ್ತು. ಮುಗಿಯದೇ ಇದ್ದದ್ದು ಯಂತ್ರದ ಅಭ್ಯಾಸ. ಕೇಂದ್ರದಲ್ಲಿದ್ದ ಒಂದೇ ಒಂದು ಪಿಒಎಸ್, ಅಂದರೆ ಬಾರ್‌ಕೋಡ್ ಓದಿ, ಬಿಲ್ಲು ಮಾಡಿ, ದುಡ್ಡಿನ ಡ್ರಾಯರ್ ತೆರೆಯುವ ಯಂತ್ರ, ತಿಂಗಳಿಂದ ಕೆಟ್ಟು ಕೂತಿತ್ತು. ಅದು ರಿಪೇರಿಯಾಗಿ ಬಂದದ್ದೇ ಆ ಹತ್ತು ದಿನದ ಮೊದಲನೆಯ ದಿನ. ರೇಣುಕಾಳನ್ನು ಅದರ ಮುಂದೆ ನಿಲ್ಲಿಸಿ, ಪಕ್ಕದ ಮನೆಯ ಚನ್ನಬಸಪ್ಪಜ್ಜನನ್ನು ಗಿರಾಕಿಯ ಪಾತ್ರಕ್ಕೆ ಕರೆದೆ. ಅಜ್ಜ ಒಂದು ಕಾಲಕ್ಕೆ ಬ್ಯಾಡಗಿಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದವರು. ಬಿಳಿ ಧೋತರ, ತಲೆಗೆ ಟೋಪಿ, ಮಾತು ಹರಿತ. ಇಂಥವರನ್ನು ಒಪ್ಪಿಸಿದವರು ಯಾರನ್ನಾದರೂ ಒಪ್ಪಿಸಬಲ್ಲರು ಎಂಬುದು ನನ್ನ ಲೆಕ್ಕ.

ರೇಣುಕಾ ಹೆದರಿದ್ದಳು. ಆದರೂ ಸ್ಕ್ಯಾನರ್ ಹಿಡಿದು, ಅಂಕಿ ಒತ್ತಿ, ಬಿಲ್ಲು ತೆಗೆದಳು. ಡ್ರಾಯರ್ ತೆರೆದುಕೊಂಡಿತು. ಗಡಿಬಿಡಿಯಲ್ಲಿ ಚಿಲ್ಲರೆ ಬಾಚಿ ಅಜ್ಜನ ಮುಂದೆ ಚಾಚಿದಳು. ಚಾಚಿದ್ದು ಎಡಗೈ.

ಅಜ್ಜ ಕೈ ಹಿಂದಕ್ಕೆ ಎಳೆದುಕೊಂಡರು. 'ಎಡಗೈಲೆ ಕೊಡ್ತೀಯೇನವಾ? ನಾ ಏನು ನಿನ್ನ ಮನಿ ಬಾಗಲಿಗೆ ಬೇಡಾಕ ಬಂದೇನೇನು?'

ನಾಟಕವೆಂದು ಅಜ್ಜನಿಗೂ ಗೊತ್ತಿತ್ತು, ಆದರೂ ಅವರ ಸಿಟ್ಟು ನಾಟಕದ್ದಾಗಿರಲಿಲ್ಲ. ನಮ್ಮ ಸೀಮೆಯಲ್ಲಿ ಎಡಗೈಯಿಂದ ದುಡ್ಡು ಕೊಟ್ಟರೆ ಅದು ಮುಖದ ಮೇಲೆ ಎಸೆದ ಹಾಗೆ. ರೇಣುಕಾ ನಾಲಿಗೆ ಕಚ್ಚಿಕೊಂಡಳು. ಅವಳು ಎಡಗೈಯವಳು ಎಂಬುದು ನನಗೆ ಗೊತ್ತಾದದ್ದೇ ಆಗ. ಬರೆಯುವುದನ್ನು ಶಾಲೆಯಲ್ಲಿ ಹೊಡೆದು ಬಡಿದು ಬಲಗೈಗೆ ರೂಢಿ ಮಾಡಿಸಿದ್ದರಂತೆ. ಹಾಗಾಗಿ ಎರಡು ತಿಂಗಳು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಳ್ಳುವುದು ನನ್ನ ಹಳೆಯ ಚಾಳಿ. ಅಲ್ಲೇ ಹುಕುಂ ಹೊರಡಿಸಿದೆ: ಇವತ್ತಿನಿಂದ ಕೌಂಟರಿನ ಮೇಲೆ ಎಡಗೈ ಕಾಣಿಸಕೂಡದು. ಸ್ಕ್ಯಾನರ್ ಬಲಗೈ, ಅಂಕಿ ಬಲಗೈ, ಚಿಲ್ಲರೆ ಬಲಗೈ. ಅಷ್ಟಕ್ಕೂ ಬಿಡಲಿಲ್ಲ. ಎಡಗೈ ತನ್ನಷ್ಟಕ್ಕೆ ತಾನೇ ಮೇಲೆ ಬರುತ್ತಿದ್ದುದನ್ನು ನೋಡಿ, 'ಸೆರಗಿನ ಚುಂಗು ಎಡಗೈಯೊಳಗ ಗಟ್ಟಿ ಹಿಡಕೋ, ನಾ ಹೇಳೂತನಕ ಬಿಡಬ್ಯಾಡ' ಎಂದೆ. ಅವಳು ಹಿಡಿದುಕೊಂಡಳು. ಆ ಐದು ದಿನ ಅವಳು ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದು ನಿಂತದ್ದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಪರಿಣಾಮ ಹೇಗಿತ್ತೆಂದರೆ, ಹತ್ತು ಸಾಮಾನಿನ ಬಿಲ್ಲಿಗೆ ಎರಡು ನಿಮಿಷ ಎಂಬುದು ನಾನಿಟ್ಟ ಗುರಿ. ಅವಳಿಗೆ ನಾಲ್ಕೂವರೆ ನಿಮಿಷ ಹಿಡಿಯುತ್ತಿತ್ತು. ಇಪ್ಪತ್ತೊಂದು ಒತ್ತಲು ಹೋಗಿ ಹನ್ನೆರಡು ಒತ್ತುವಳು. ತಪ್ಪು ಎಂಟ್ರಿ ಅಳಿಸುವುದಕ್ಕೆ 'ವಾಯ್ಡ್' ಎಂಬ ಗುಂಡಿ ಇರುತ್ತದೆ. ಒಂದು ಬಿಲ್ಲಿಗೆ ಮೂರು ಸಲ ಅದನ್ನೇ ಒತ್ತುವಳು. ನಾನು ಕೈಯಲ್ಲಿ ಗಡಿಯಾರ ಹಿಡಿದು ಅವಳ ಹಿಂದೆ ಮುಂದೆ ಓಡಾಡುತ್ತ 'ಲಗೂ, ಲಗೂ' ಎನ್ನುತ್ತಿದ್ದೆ. ನಾನು ಹಾಗೆಂದಷ್ಟೂ ಅವಳ ಕೈ ನಿಧಾನವಾಗುತ್ತಿತ್ತು.

ಸಂದರ್ಶನದ ಬಾಯಿಪಾಠವನ್ನೂ ಬಿಟ್ಟಿರಲಿಲ್ಲ. ನಿಮ್ಮ ದೌರ್ಬಲ್ಯ ಏನು ಎಂದು ಕೇಳಿದರೆ 'ನಾನು ಕೆಲಸವನ್ನು ಅತಿಯಾಗಿ ಹಚ್ಚಿಕೊಳ್ಳುತ್ತೇನೆ' ಎನ್ನಬೇಕು. ಗಿರಾಕಿ ಸಿಟ್ಟಾದರೆ ಏನು ಮಾಡುತ್ತೀರಿ ಎಂದರೆ 'ಮೊದಲು ಕ್ಷಮೆ ಕೇಳುತ್ತೇನೆ' ಎನ್ನಬೇಕು. ಕೌಂಟರಿನ ಮೇಲಿನ ಯಾವ ವಸ್ತುವನ್ನೂ ಸರಿಸಬಾರದು, ಎದುರು ಪ್ರಶ್ನೆ ಹಾಕಬಾರದು. ಅವಳು ಎಲ್ಲದಕ್ಕೂ 'ಹೂಂನ್ರಿ ಸರ್' ಎನ್ನುತ್ತಿದ್ದಳು. ಆ ಹೂಂನಲ್ಲಿ ದಿನದಿಂದ ದಿನಕ್ಕೆ ಜೀವ ಕಡಿಮೆಯಾಗುತ್ತಿದ್ದುದು ನನ್ನ ಕಿವಿಗೆ ಬೀಳಲಿಲ್ಲ.

ಆರನೆಯ ದಿನ ಅವಳು ಬರಲಿಲ್ಲ.

ಫೋನು ಹಚ್ಚಿದರೆ ಸ್ವಿಚ್ ಆಫ್. ಮಧ್ಯಾಹ್ನದವರೆಗೆ ಬಾಗಿಲಿಗೂ ಬಸ್ ನಿಲ್ದಾಣಕ್ಕೂ ಎಡತಾಕಿದೆ. ಉಳಿದ ಹುಡುಗರಿಗೆ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಏಳನೆಯ ದಿನ ಬೆಳಿಗ್ಗೆ ಮೋಟೆಬೆನ್ನೂರಿಗೆ ಹೋದೆ. ಮನೆಯಲ್ಲಿ ಅವಳ ಅತ್ತೆ ಇದ್ದರು. 'ಕೆಲಸಕ್ಕ ಹೋಗ್ಯಾಳ್ರಿ, ಬ್ಯಾಡಗಿಗೆ' ಎಂದರು. ಸಿಕ್ಕ ಬಸ್ಸು ಹತ್ತಿ ಬ್ಯಾಡಗಿಗೆ ಹೋಗಿ, ನಾಲ್ಕು ಕಡೆ ಕೇಳಿ, ಅವಳಿದ್ದ ಶೆಡ್ಡು ಹುಡುಕಿದೆ.

ಅದು ಸೀಸನ್ನಿನ ನಡು. ಬಾಗಿಲಲ್ಲಿ ನಿಂತ ಕೂಡಲೇ ಸಾಲಾಗಿ ಏಳು ಸೀನು ಬಂದವು. ಕಣ್ಣೊರೆಸಿಕೊಂಡು ನೋಡಿದರೆ ಒಳಗೆ ಕೆಂಪು ರಾಶಿಗಳ ನಡುವೆ ಮೂವತ್ತು ನಲವತ್ತು ಹೆಂಗಸರು ಮೂಗಿಗೆ ಸೆರಗು ಸುತ್ತಿಕೊಂಡು ಕೂತಿದ್ದರು. ಗೋಡೆಯ ಕಡೆ ಕೂತಿದ್ದ ರೇಣುಕಾ ಒಂದೇ ಸಮ ಕೆಮ್ಮುತ್ತಿದ್ದಳು. ಕೆಮ್ಮುತ್ತಲೇ ತೊಟ್ಟು ಬಿಡಿಸುತ್ತಿದ್ದಳು. ಕೆಲಸ ಮಾಡುತ್ತಿದ್ದುದು ಎಡಗೈ. ಬೆರಳು ಕಾಣುತ್ತಿರಲಿಲ್ಲ, ತೊಟ್ಟು ಒಂದು ಕಡೆ, ಕಾಯಿ ಒಂದು ಕಡೆ ಬೀಳುವುದಷ್ಟೇ ಕಾಣುತ್ತಿತ್ತು. ಅವಳ ಬುಟ್ಟಿ ಎಲ್ಲರಿಗಿಂತ ಮುಂಚೆ ತುಂಬಿತು.

ಅಷ್ಟರಲ್ಲಿ ಚಹಾ ಬಂತು. ತಟ್ಟೆಯಿಂದ ಒಂದೊಂದೇ ಕಪ್ಪು ತೆಗೆದು ಸಾಲಿನುದ್ದಕ್ಕೂ ದಾಟಿಸುತ್ತಿದ್ದರು. ರೇಣುಕಾ ಎಡಗೈಯ ಕಾಯಿಯನ್ನು ಬುಟ್ಟಿಗೆ ಹಾಕುತ್ತಲೇ ಬಲಗೈಯಿಂದ ಕಪ್ಪು ತೆಗೆದುಕೊಂಡು ಪಕ್ಕದ ಮುದುಕಿಗೆ ಕೊಟ್ಟಳು. ಇನ್ನೊಂದು ಕಪ್ಪು, ಮತ್ತೆ ಬಲಗೈ. ಮತ್ತೊಂದು, ಆಗಲೂ ಬಲಗೈ. ಎಡಗೈ ಅಷ್ಟೂ ಹೊತ್ತು ತನ್ನ ಕೆಲಸ ಬಿಡಲಿಲ್ಲ. ಯೋಚನೆ ಇಲ್ಲ, ತಡವರಿಕೆ ಇಲ್ಲ.

ಮೂವತ್ತೊಂದು ವರ್ಷ ಕೌಂಟರಿನ ಹಿಂದೆ ನಿಂತವನಿಗೆ ಒಂದು ಚಹಾದ ಕಪ್ಪು ಪಾಠ ಹೇಳಿತು. ನಾನು ಹತ್ತಿರ ಹೋಗಿ, 'ಯಾಕ ಬರಲಿಲ್ಲವಾ?' ಎಂದೆ.

ಅವಳು ಎದ್ದು ಹೊರಗೆ ಬಂದಳು. ಕೆಮ್ಮು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. 'ಬಂದು ಏನ್ ಮಾಡ್ಲಿರಿ ಸರ್? ಬಲಗೈಲೆ ಮಾಡಿದ್ರ ನನಗ ಹುಚ್ಚ ಹಿಡೀತೈತಿ, ಎಡಗೈಲೆ ಮಾಡಿದ್ರ ನಿಮಗ ಹಿಡೀತೈತಿ. ಇಬ್ಬರಾಗ ಒಬ್ರರ ಶಾಣ್ಯಾರು ಉಳೀಲಿ ಅಂತ ಬಿಟ್ಟೆ.'

'ಈಗ ಕಪ್ಪು ಬಲಗೈಲೆ ಕೊಟ್ಟೆಲ್ಲ?'

'ಕೊಡೂದು ಬಲಗೈಲೇರಿ ಯಾವಾಗ್ಲೂ. ಕೆಲಸ ಎಡಗೈದು, ಕೊಡೂದು ಬಲಗೈದು. ಸಣ್ಣಾಕಿದ್ದಾಗಿಂದ ನಮ್ಮವ್ವ ಹಂಗ ಕಲಿಸ್ಯಾಳ. ರೊಟ್ಟಿ ಎಡಗೈಲೆ ಬಡೀತೇನಿ, ಬಲಗೈಲೆ ನೀಡ್ತೇನಿ. ಅವತ್ತು ಅಜ್ಜಾರ ಮುಂದ ಅಂಜಿಕಿಗೆ ಒಂದು ಸಲ ತಪ್ಪೇತಿ, ಅಷ್ಟ.'

'ಮತ್ತ ಅವತ್ತ ಯಾಕ ಹೇಳಲಿಲ್ಲ?'

'ನೀವು ಕೇಳಿದ್ರೇನ್ರಿ? ಬರೇ ಹೇಳಿದ್ರಿ.'

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದಳು. 'ತಪ್ಪಾತವಾ, ನಾಳೆ ಬಾ' ಎಂದೆ. ಅವಳು ಒಳಗಿನ ರಾಶಿಯನ್ನೂ ನನ್ನನ್ನೂ ಒಮ್ಮೆ ನೋಡಿ, 'ಸೆರಗು ಹಿಡಿಯಂಗಿಲ್ಲ ನೋಡ್ರಿ' ಎಂದಳು. ಒಪ್ಪಿದೆ.

ಎಂಟನೆಯ ದಿನ ಸ್ಕ್ಯಾನರನ್ನೂ ನಂಬರ್ ಪ್ಯಾಡನ್ನೂ, ಅಂದರೆ ಅಂಕಿಗಳಷ್ಟೇ ಇರುವ ಪುಟ್ಟ ಕೀಬೋರ್ಡನ್ನು, ಎಡಕ್ಕೆ ಸರಿಸಿದೆವು. ಮೊದಲ ಬಿಲ್ಲು ಎರಡು ನಿಮಿಷ ಹತ್ತು ಸೆಕೆಂಡು. ಒಂಬತ್ತನೆಯ ದಿನದ ಹೊತ್ತಿಗೆ ಒಂದು ನಿಮಿಷ ನಲವತ್ತು. ಎಡಗೈ ಒತ್ತುತ್ತಿತ್ತು, ಬಲಗೈ ಕೊಡುತ್ತಿತ್ತು. ಚನ್ನಬಸಪ್ಪಜ್ಜ ಚಿಲ್ಲರೆ ತೆಗೆದುಕೊಂಡು, 'ಈಗ ನೋಡು, ಇದು ವ್ಯವಹಾರ' ಎಂದರು. ಅವರಿಗೆ ಎಡಗೈ ಕಾಣಿಸಲೇ ಇಲ್ಲ.

ಆದರೆ ನನ್ನ ಚಡಪಡಿಕೆ ಇಳಿಯಲಿಲ್ಲ, ರೂಪ ಬದಲಿಸಿತು. ರಾಣೆಬೆನ್ನೂರಿನ ಅಂಗಡಿಯಲ್ಲಿ ನಂಬರ್ ಪ್ಯಾಡು ಬಲಗಡೆಗೇ ಇರುತ್ತದಲ್ಲ, ಆಗೇನು? ಅದನ್ನು ಸರಿಸಲು ಕೇಳಿದರೆ ಉದ್ಧಟತನ ಎಂದುಕೊಂಡರೆ? ಕೇಳದೆ ಇದ್ದರೆ ನಾಲ್ಕೂವರೆ ನಿಮಿಷ. 'ಏನು ಮಾಡ್ತಿ?' ಎಂದು ಕೇಳಿದರೆ ಅವಳು, 'ಅಲ್ಲಿ ಹೋಗಿ ನೋಡ್ತೇನ್ರಿ' ಎಂದಳು.

ಹತ್ತನೆಯ ದಿನ, ರಾಣೆಬೆನ್ನೂರಿನಲ್ಲಿ ಬೇರೆ ಕೆಲಸವಿದೆ ಎಂದು ಅವಳಿಗೆ ಸುಳ್ಳು ಹೇಳಿ, ಅವಳು ಹೊರಟ ಬಸ್ಸಿಗೇ ಹೋದೆ. ಅವಳು ಒಳಗೆ ಹೋದಳು, ನಾನು ಎದುರಿನ ಚಹಾದಂಗಡಿಯಲ್ಲಿ ಕೂತೆ. ಸಂದರ್ಶನಕ್ಕೆ ಬಂದವರು ಒಂಬತ್ತು ಜನ. ಒಬ್ಬೊಬ್ಬರಾಗಿ ಕ್ಯಾಬಿನ್ನಿಗೆ ಹೋಗಿ, ಆಮೇಲೆ ಕೌಂಟರಿಗೆ ಬಂದು ನಿಜವಾದ ಬಿಲ್ಲು ಮಾಡಿ ತೋರಿಸಬೇಕಿತ್ತು. ಅಂಗಡಿಯ ಗಾಜಿನ ಗೋಡೆಗೆ ಜಾಹೀರಾತು ಅಂಟಿಸಿದ್ದರಿಂದ ಒಳಗಿನವರ ತಲೆ ಮಾತ್ರ ಕಾಣುತ್ತಿತ್ತು. ಮೂರು ಚಹಾ ಕುಡಿದೆ. ನಾಲ್ಕನೆಯದಕ್ಕೆ ಹೇಳುವಷ್ಟರಲ್ಲಿ ರೇಣುಕಾಳ ತಲೆ ಕೌಂಟರಿನ ಹಿಂದೆ ಕಾಣಿಸಿತು. ಇನ್ನು ಅಲ್ಲಿ ಕೂರಲಾಗಲಿಲ್ಲ. ರಸ್ತೆ ದಾಟಿ, ಗಿರಾಕಿಯ ಹಾಗೆ ಒಂದು ಬುಟ್ಟಿ ಹಿಡಿದು ಒಳಗೆ ನುಗ್ಗಿದೆ.

ಕೈಗೆ ಸಿಕ್ಕ ನಾಲ್ಕು ಸಾಬೂನು ಬುಟ್ಟಿಗೆ ಹಾಕಿಕೊಂಡು ಅದೇ ಕಪಾಟಿನ ಮರೆಯಲ್ಲಿ ನಿಂತರೆ ಎಲ್ಲ ಕೇಳಿಸುತ್ತಿತ್ತು. ಕೌಂಟರಿನ ಬಳಿ ಇದ್ದವರು ಇಬ್ಬರು: ಅಂಗಡಿಯ ಮ್ಯಾನೇಜರ್, ಮತ್ತು ಮೇಲಿನ ಆಫೀಸಿನಿಂದ ಬಂದಿದ್ದ ಒಬ್ಬ ಮೇಡಂ. ರೇಣುಕಾ ಕೇಳುತ್ತಿದ್ದಳು, 'ಸರ್, ಈ ನಂಬರ್ ಪ್ಯಾಡ್ ಎಡಕ್ಕ ಸರಿಸ್ಕೊಳ್ಳಲೇನ್ರಿ? ನನ್ನ ಕೆಲಸ ಎಡಗೈದು.'

ಮ್ಯಾನೇಜರ್ ಹುಬ್ಬು ಏರಿಸಿದರು. 'ಇದನ್ನೇನು ನಿನ್ನ ಅಡಿಗಿಮನಿ ಅಂತ ತಿಳಿದೀಯೇನವಾ?'

'ಅಡಿಗಿಮನಿ ಆಗಿದ್ರ ಕೇಳತಿದ್ದಿಲ್ರಿ, ಸರಿಸ್ಕೊಂಡ ಬಿಡತಿದ್ದೆ.'

ನಾನು ಕಣ್ಣು ಮುಚ್ಚಿಕೊಂಡೆ. ಕತೆ ಮುಗಿಯಿತು ಎಂದುಕೊಂಡೆ. ಮೇಡಂ ನಕ್ಕ ಸದ್ದು ಕೇಳಿತು. ಕಣ್ಣು ಬಿಟ್ಟರೆ ಪ್ಯಾಡು ಎಡಕ್ಕೆ ಬಂದಿತ್ತು, ಮ್ಯಾನೇಜರ್ ನನ್ನ ಕಡೆಗೇ ಕೈ ಮಾಡುತ್ತಿದ್ದರು. 'ಯಜಮಾನ್ರ, ಒಂದೀಟು ಈ ಕಡೆ ಬರ್ರಿ. ನಿಮ್ಮ ಬಿಲ್ಲು ಈ ಹೊಸಾಕಿ ಮಾಡ್ತಾಳ. ನಡೀತೈತೇನ್ರಿ?'

ಆ ಹೊತ್ತಿಗೆ ನಾನು ಇಲ್ಲ ಎನ್ನಬೇಕಿತ್ತು. 'ನಡೀತೈತ್ರಿ' ಎಂದೆ. ನನ್ನೊಳಗೆ ಒಂದು ದುರಾಸೆ ಎದ್ದಿತ್ತು. ಗಿರಾಕಿ ನಾನೇ ಆದರೆ ತಕರಾರು ಇರುವುದಿಲ್ಲ, ನಿಧಾನವಾದರೂ ಸುಮ್ಮನಿರುತ್ತೇನೆ, ಬಿಲ್ಲು ಸುಸೂತ್ರವಾಗಿ ಆಗುತ್ತದೆ ಎಂಬ ದುರಾಸೆ. ಬುಟ್ಟಿಯನ್ನು ಕೌಂಟರಿನ ಮೇಲಿಟ್ಟು, ಅವಳ ಪರಿಚಯವೇ ಇಲ್ಲದವನ ಹಾಗೆ ಮುಖ ಮಾಡಿಕೊಂಡೆ.

ರೇಣುಕಾ ನನ್ನನ್ನು ನೋಡಿದಳು. ಸ್ಕ್ಯಾನರ್ ಹಿಡಿದ ಕೈ ನಿಂತಿತು. ಆಮೇಲೆ ಅದನ್ನು ಕೆಳಗಿಟ್ಟಳು. 'ಸರ್, ಇವರ ಬಿಲ್ಲು ನಾ ಮಾಡಂಗಿಲ್ರಿ. ಇವರು ನನಗ ಕಲಿಸಿದ ಮಾಸ್ತರು. ಗುರ್ತಿನವರ ಬಿಲ್ಲು ನಾವು ಮಾಡಬಾರದ್ರಿ.'

ಅವಳು ಹೇಳಿದ್ದು ನಮ್ಮ ವೃತ್ತಿಯ ಹಳೆಯ ನಿಯಮ. ನೆಂಟರು, ಸ್ನೇಹಿತರು ಕೌಂಟರಿಗೆ ಬಂದರೆ ಕ್ಯಾಶಿಯರ್ ಕೈ ತೆಗೆದು ಇನ್ನೊಬ್ಬರನ್ನು ಕರೆಯಬೇಕು. ಮೋಸ ಮಾಡಿದರು ಅಂತಲ್ಲ, ಅನುಮಾನಕ್ಕೆ ಜಾಗ ಇರಬಾರದು ಅಂತ. ಮೇಡಂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅವಳನ್ನು ಕೇಳಿದರು, 'ಈ ನಿಯಮ ನಿಮಗೆ ಯಾರು ಹೇಳಿಕೊಟ್ಟರು?'

'ಇವರ ಹೇಳ್ಯಾರ್ರಿ.'

'ಹಂಗಾದ್ರ ನೀವು ಹೊರಗ ನಡೀರಿ, ಮಾಸ್ತರ' ಎಂದರು ಮ್ಯಾನೇಜರ್. ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರಟೆ. ನನ್ನ ಜಾಗಕ್ಕೆ ತುಂಬಿದ ಬುಟ್ಟಿ ಹೊತ್ತ ಒಬ್ಬ ಹೆಣ್ಣುಮಗಳು ಬಂದು ನಿಂತದ್ದಷ್ಟೇ ಕಂಡಿತು. ಅವಳ ಬಿಲ್ಲು ಎಷ್ಟು ನಿಮಿಷಕ್ಕಾಯಿತು, ಚಿಲ್ಲರೆ ಯಾವ ಕೈಯಿಂದ ಹೋಯಿತು, ಏನೂ ತಿಳಿಯಲಿಲ್ಲ. ಗಾಬರಿಯಲ್ಲಿ ಅಜ್ಜನ ಮುಂದೆ ಆದದ್ದೇ ಮತ್ತೆ ಆಗಿದ್ದರೆ, ಅದಕ್ಕೆ ಕಾರಣ ನಾನೇ ಆಗಿರುತ್ತಿದ್ದೆ.

ಅರ್ಧ ಗಂಟೆಯ ಮೇಲೆ ಅವಳು ಹೊರಗೆ ಬಂದಳು. 'ಏನಾತವಾ?' ಎಂದೆ. 'ತಿಳಸ್ತೇವಿ ಅಂದಾರ್ರಿ' ಎಂದಷ್ಟೇ ಹೇಳಿದಳು. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು, ನಾನು ಎರಡು ಸೀಟು ಹಿಂದೆ ಕೂತೆ. ಮೋಟೆಬೆನ್ನೂರು ಬಂತು. ಇಳಿಯುವ ಮುಂಚೆ ನನ್ನ ಹತ್ತಿರ ನಿಂತು ಹೇಳಿದಳು:

'ನೀವು ಒಳಗ ಬರಬಾರದಿತ್ರಿ ಸರ್. ಪ್ಯಾಡ್ ಸರಸಾಕ ಕೇಳುವಾಗ್ಲೂ ನನ್ನ ಕೈ ನಡಗಿದ್ದಿಲ್ಲ. ನಿಮ್ಮನ್ನ ನೋಡಿದ ಕೂಡ್ಲೇ ನಡಗಿತು.'

ಆಮೇಲಿನ ನಾಲ್ಕು ದಿನ ನಾನು ಹೇಗೆ ಕಳೆದೆ ಎಂಬುದನ್ನು ನನ್ನ ಹೆಂಡತಿಯನ್ನು ಕೇಳಬೇಕು. ಊಟಕ್ಕೆ ಕೂತರೆ ನೀರು ಬೇಕೆಂದು ಏಳುವುದು, ನೀರು ಕುಡಿದು ಊಟ ಮರೆಯುವುದು. ಫೋನು ಸದ್ದು ಮಾಡಿದಾಗಲೆಲ್ಲ ಓಡುವುದು. ಅವಳಿಗೆ ಕೆಲಸ ಸಿಗದಿದ್ದರೆ ಆ ಶೆಡ್ಡಿನ ಗೋಡೆಯ ಪಕ್ಕ ಮತ್ತೆ ಕೂರುತ್ತಾಳೆ, ಆ ಕೆಮ್ಮಿನಲ್ಲಿ ನನ್ನ ಪಾಲೂ ಇರುತ್ತದೆ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ.

ಐದನೆಯ ದಿನ ಬೆಳಿಗ್ಗೆ ಅವಳದೇ ಫೋನು ಬಂತು. 'ಸರ್, ಸೋಮವಾರದಿಂದ ಬಾ ಅಂದಾರ್ರಿ.' ಫೋನು ಕಿವಿಗಿಟ್ಟುಕೊಂಡೇ ಹೆಂಡತಿಗೆ ಕೂಗಿ ಹೇಳಿದೆ. ಆಮೇಲೆ ಐದು ದಿನದಿಂದ ಕೊರೆಯುತ್ತಿದ್ದ ಪ್ರಶ್ನೆ ಕೇಳಿಯೇಬಿಟ್ಟೆ. 'ಆ ಹೆಣ್ಣುಮಗಳಿಗೆ ಚಿಲ್ಲರೆ ಯಾವ ಕೈಲೆ ಕೊಟ್ಟೆವಾ?'

'ಅದು ನೆನಪಿಲ್ರಿ ಸರ್. ಅಕಿ ನಕ್ಕೋತ ಹೋದಳು. ಅಷ್ಟ ನೆನಪೈತಿ.'

ಅಲ್ಲಿಂದೀಚೆಗೆ ನನ್ನ ಬಳಿ ಐದಾರು ಬ್ಯಾಚು ಕಲಿತು ಹೋಗಿವೆ. ಹೊಸಬರು ಬಂದ ಮೊದಲ ದಿನ ನಾನು ಏನನ್ನೂ ಹೇಳಿಕೊಡುವುದಿಲ್ಲ. ನಿನ್ನ ಮನೆಯಲ್ಲಿ, ನಿನ್ನ ಹೊಲದಲ್ಲಿ, ನಿನ್ನ ಕೆಲಸದಲ್ಲಿ ಕೈ ಹೇಗೆ ಓಡಿಸುತ್ತೀ, ತೋರಿಸು ಎನ್ನುತ್ತೇನೆ. ಗೊತ್ತಿರುವುದನ್ನು ಅಳಿಸಿ ಕಲಿಸುವವನು ಮಾಸ್ತರನಲ್ಲ ಎಂಬುದನ್ನು ಈ ಕೆಲಸ ನನಗೆ ಅರವತ್ತು ದಾಟಿದ ಮೇಲೆ ಕಲಿಸಿತು. ಕಲಿಸಿದ ಮೇಲೆ ದೂರ ಸರಿಯಬೇಕು ಎಂಬುದನ್ನೂ ಕಲಿಸಿತು, ಆದರೆ ಅದು ಇನ್ನೂ ಪೂರ್ತಿ ಮೈಗೆ ಹತ್ತಿಲ್ಲ. ನನ್ನ ಕೈಯಲ್ಲಿ ಕಲಿತವರ ಸಂದರ್ಶನವಿದ್ದ ದಿನ ಬೆಳಿಗ್ಗೆಯಿಂದಲೇ ಕಾಲು ಬಸ್ ನಿಲ್ದಾಣದ ಕಡೆಗೆ ಎಳೆಯುತ್ತದೆ. ಅವತ್ತು ಚಪ್ಪಲಿಯನ್ನು ಹೆಂಡತಿಯ ಕೈಗೆ ಕೊಟ್ಟು ಮನೆಯಲ್ಲೇ ಕೂರುತ್ತೇನೆ.